ಓದುಗರು ಕೇಳಿದ್ದು: ಹಳ್ಳಿ ಚರ್ಚಿನ ಗೋಡೆಯಲ್ಲಿ ಪ್ಲೇಗಿನ ಸಾಲು

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಆ್ಯಶ್‌ವೆಲ್ ಅನ್ನುವ ಹಳ್ಳಿಯ ಸೇಂಟ್ ಮೇರಿ ಚರ್ಚಿನ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. 14ನೇ ಶತಮಾನದ ಗೋಥಿಕ್ ಕಟ್ಟಡ, ಗೋಪುರದ ಒಳಗೋಡೆಯಲ್ಲಿ ಯಾರೋ ಪ್ಲೇಗಿನ ಬಗ್ಗೆ ಕೊರೆದಿಟ್ಟಿದ್ದಾರೆ, ಅಷ್ಟೇ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಆ ಗೋಡೆಯಲ್ಲಿ ಬರೆದಿರುವುದು ಏನು? ಪೂರ್ತಿ ಹೇಳಿ. ನಮ್ಮ ಅಜ್ಜಿ, ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆ ಹೇಳೋರು. ಇದೂ ಅದೇ ಪ್ಲೇಗಾ?
– ಓದುಗರು, ಚನ್ನಪಟ್ಟಣ

ಅದೇ ಪ್ಲೇಗು. ರೋಗಾಣು ಕೂಡ ಅದೇ. ನಿಮ್ಮ ಅಜ್ಜಿ ಕಂಡಿದ್ದು 1898ರಲ್ಲಿ ಬೆಂಗಳೂರಿಗೆ ಬಂದು, ಆಮೇಲೆ ವರ್ಷಗಟ್ಟಲೆ ನಮ್ಮ ಊರುಗಳನ್ನು ಕಾಡಿದ ಪ್ಲೇಗು. ಆ್ಯಶ್‌ವೆಲ್ ಜನ ಕಂಡಿದ್ದು ಅದಕ್ಕೂ ಐನೂರೈವತ್ತು ವರ್ಷ ಹಿಂದಿನದು. 1348ರ ಬೇಸಿಗೆಯಲ್ಲಿ ಅದು ಇಂಗ್ಲೆಂಡಿನ ದಕ್ಷಿಣದ ಒಂದು ಬಂದರಿಗೆ ಬಂತು. ಮುಂದಿನ ವರ್ಷದ ಹೊತ್ತಿಗೆ ದೇಶವೆಲ್ಲ ಹಬ್ಬಿತ್ತು. ಸತ್ತವರು ಮೂರರಲ್ಲಿ ಒಬ್ಬರಿಂದ ಹಿಡಿದು ಇಬ್ಬರಲ್ಲಿ ಒಬ್ಬರು. ಒಂದು ಬೀದಿಯಲ್ಲಿ ಹತ್ತು ಮನೆ ಇದ್ದರೆ, ಪ್ರತಿ ಮನೆಯಲ್ಲೂ ಅರ್ಧ ಜನ ಇಲ್ಲ ಅಂದುಕೊಳ್ಳಿ.

ಬರಹ ಇರುವುದು ಗೋಪುರದ ಒಳಗೆ, ಉತ್ತರದ ಗೋಡೆಯಲ್ಲಿ. ಭಾಷೆ ಲ್ಯಾಟಿನ್. ಚೂಪಾದ ಕಬ್ಬಿಣದಿಂದ ಕೊರೆದ ಸಾಲುಗಳು, ಅಕ್ಷರ ಓರೆಕೋರೆ. ಮೊದಲು ವರ್ಷ ಹೇಳುತ್ತದೆ, ಆದರೆ 1350 ಅಂತ ನೇರವಾಗಿ ಹೇಳುವುದಿಲ್ಲ. ಸಾವಿರ, ಮೂರು ಸಲ ನೂರು, ಐದು ಸಲ ಹತ್ತು ಅಂತ ಬಿಡಿಸಿ ಹೇಳುತ್ತದೆ. ಆಮೇಲೆ ಮೂರು ಮಾತು: ಕರುಣೆ ಹುಟ್ಟಿಸುವಂಥದ್ದು, ಕ್ರೂರ, ಭಯಂಕರ. ಪ್ಲೇಗು ಹೊರಟುಹೋಯಿತು. ಸಾಕ್ಷಿ ಹೇಳುವುದಕ್ಕೆ ಉಳಿದದ್ದು ಜನರಲ್ಲಿ ಕಡೆಯವರು, ಗಸಿ ಉಳಿದ ಹಾಗೆ. ಕೊನೆಗೆ ಒಂದು ದೊಡ್ಡ ಗಾಳಿ. ಈ ವರ್ಷ ಮೌರಸ್ ಲೋಕದಲ್ಲಿ ಗುಡುಗುತ್ತಿದ್ದಾನೆ, 1361. ಹತ್ತಿರದಲ್ಲೇ ಇನ್ನೊಂದು ಸಾಲು ಇದೆ, ಮೊದಲ ಪ್ಲೇಗು ಬಂದದ್ದು 'ಐವತ್ತಕ್ಕೆ ಒಂದು ಕಡಿಮೆ' ವರ್ಷದಲ್ಲಿ ಅಂತ. ಅಂದರೆ 1349.

ಹೀಗೆ ವರ್ಷವನ್ನು ಬಿಡಿಸಿ ಹೇಳುವುದು ನಮಗೆ ಹೊಸದಲ್ಲ, ಅಲ್ವಾ? ನಮ್ಮ ಶಾಸನಗಳಲ್ಲೂ ಕಣ್ಣು ಅಂದರೆ ಎರಡು, ವೇದ ಅಂದರೆ ನಾಲ್ಕು ಅಂತ ಪದಗಳಲ್ಲಿ ಶಕವರ್ಷ ಹೇಳುತ್ತಿದ್ದರು, ಅದನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ವರ್ಷವನ್ನು ಪದ್ಯದ ಲಯದಲ್ಲಿ ಕೂರಿಸಬೇಕಾದರೆ ಎಲ್ಲ ಕಡೆಯೂ ಬರೆಯುವವನು ಇಂಥದ್ದೇ ಒಂದು ದಾರಿ ಹುಡುಕುತ್ತಾನೆ ಅಂತ ಕಾಣುತ್ತದೆ. ಆದರೆ ನಮ್ಮ ಶಾಸನ ರಾಜ ಬರೆಸಿದ್ದು, ಇಲ್ಲವೇ ದಾನ ಕೊಟ್ಟವರು ಬರೆಸಿದ್ದು. ಈ ಬರಹಕ್ಕೆ ಯಾರ ಅಪ್ಪಣೆಯೂ ಇಲ್ಲ. ಬದುಕಿ ಉಳಿದ ಒಬ್ಬ, ತನಗೆ ಗೊತ್ತಿದ್ದ ಒಂದಿಷ್ಟು ಲ್ಯಾಟಿನ್‌ನಲ್ಲಿ, ತನ್ನ ಊರಿನ ಗೋಡೆಗೆ ಹೇಳಿಕೊಂಡಿದ್ದು. ಬಹುಶಃ ಪಾದ್ರಿ, ಇಲ್ಲವೇ ಲೆಕ್ಕ ಬರೆಯುವವನು. ಹೆಸರು ಹಾಕಿಲ್ಲ.

ಮೌರಸ್ ಯಾರು ಅಂತ ಮೂರು ಪತ್ರಗಳಲ್ಲಿ ಕೇಳಿದ್ದೀರಿ. ಮೌರಸ್ ಒಬ್ಬ ಸಂತ. ಜನವರಿ 15 ಅವರ ಹಬ್ಬದ ದಿನ. ಆ ದಿನ ಬೀಸಿದ ಬಿರುಗಾಳಿ ಇಂಗ್ಲೆಂಡನ್ನು ಅಲ್ಲಾಡಿಸಿಬಿಟ್ಟಿತು. ನಾರಿಚ್ ಕೆಥೆಡ್ರಲ್‌ನ ಮರದ ಶಿಖರ ಮುರಿದು ಬಿತ್ತು. ಮರುದಿನ ಅದೇ ಗಾಳಿಗೆ ಸಮುದ್ರ ಉಕ್ಕಿ ಹಾಲೆಂಡ್, ಜರ್ಮನಿ, ಡೆನ್ಮಾರ್ಕ್ ತೀರದ ಎಷ್ಟೋ ಹಳ್ಳಿಗಳು ಮುಳುಗಿದವು. ಅದನ್ನು ಅಲ್ಲಿಯವರು ಇಂದಿಗೂ 'ಜನರ ಮಹಾ ಮುಳುಗಡೆ' ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 1362ರ ಜನವರಿ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಗೋಡೆಯಲ್ಲಿ 1361 ಅಂತಲೇ ಇದೆ, ಅವನ ಲೆಕ್ಕ ತಪ್ಪಿಲ್ಲ.

ಇನ್ನೊಂದು ಮಾತು ಗೋಡೆಯಲ್ಲಿ ಇಲ್ಲ, ಆದರೆ ತಿಳಿದಿದ್ದರೆ ಆ ಸಾಲು ಇನ್ನೂ ಭಾರವಾಗುತ್ತದೆ. 1361ರಲ್ಲಿ ಪ್ಲೇಗು ತಿರುಗಿ ಬಂದಿತ್ತು. ಈ ಸಲ ಜಾಸ್ತಿ ಹೋದದ್ದು ಮಕ್ಕಳು. ಮೊದಲ ಪ್ಲೇಗಿನ ಆಮೇಲೆ ಹುಟ್ಟಿದ ಮಕ್ಕಳು. ಆ ಕಾಲದವರೇ ಅದನ್ನು ಮಕ್ಕಳ ಪಿಡುಗು ಅಂತ ಕರೆದರು. ಅದು ಬಂದ ಚಳಿಗಾಲದಲ್ಲೇ ಈ ಗಾಳಿ. ನನಗೆ ಆ ಸಾಲು ಮೊದಲ ಸಲ ಓದಿದಾಗ ಗಾಳಿ ಯಾಕೆ ಅಷ್ಟು ದೊಡ್ಡ ಸುದ್ದಿ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಗೊರೂರು ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚನ್ನೂ ಗೋಥಿಕ್ ಅನ್ನುತ್ತಾರೆ. ಚೂಪಾದ ಕಮಾನು ಇದ್ದರೆ ಗೋಥಿಕ್ ಅಂತಲಾ? ಅದನ್ನು ಅಬ್ಬೆ ದುಬಾಯ್ ಕಟ್ಟಿಸಿದ್ದು ಅಂತ ಹೇಳುತ್ತಾರೆ, ನಿಜವಾ?
– ಓದುಗರು, ಹಾಸನ

ಎರಡನೆಯದು ಮೊದಲು. ಈಗ ನೀರಿನಲ್ಲಿ ನಿಂತಿರುವ ಕಟ್ಟಡ 1860ರ ದಶಕದ್ದು ಅಂತ ಹೇಳುತ್ತಾರೆ. ದುಬಾಯ್ ಅನ್ನುವ ಫ್ರೆಂಚ್ ಪಾದ್ರಿ ಮೈಸೂರು ಸೀಮೆಯಲ್ಲಿ ಬಹಳ ವರ್ಷ ಇದ್ದವರು, ಆದರೆ 1823ರಲ್ಲೇ ಫ್ರಾನ್ಸಿಗೆ ಮರಳಿದರು, 1848ರಲ್ಲಿ ತೀರಿಕೊಂಡರು. ಹಾಗಿದ್ದ ಮೇಲೆ 1860ರ ಕಟ್ಟಡ ಅವರು ಕಟ್ಟಿಸಿದ್ದು ಹೇಗಾಗುತ್ತದೆ? ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು ಅಂದರೆ ಸಾಕು.

ಇನ್ನು ಚೂಪು ಕಮಾನು. ಅದೊಂದೇ ಸಾಲದು. ಕಲಬುರಗಿ ಕೋಟೆಯ ಜಾಮಿ ಮಸೀದಿ ನೋಡಿದ್ದೀರಾ? 1367ರದು. ಆ್ಯಶ್‌ವೆಲ್ ಚರ್ಚಿನ ಕೆಲಸ ನಡೆಯುತ್ತಿದ್ದ ಕಾಲದಲ್ಲೇ ನಮ್ಮ ಕಲಬುರಗಿಯಲ್ಲಿ ಮೇಸ್ತ್ರಿಗಳು ಸಾಲು ಸಾಲು ಚೂಪು ಕಮಾನು ಎತ್ತುತ್ತಿದ್ದರು. ಅದನ್ನು ಯಾರೂ ಗೋಥಿಕ್ ಅನ್ನುವುದಿಲ್ಲ. ಚೂಪು ಕಮಾನು ಯೂರೋಪಿಗಿಂತ ಮೊದಲೇ ಅರಬ್ ನಾಡುಗಳಲ್ಲಿ ಇತ್ತು.

ಗೋಥಿಕ್ ಅಂದರೆ ಭಾರ ಇಳಿಸುವ ಒಂದು ರೀತಿ. ಅರ್ಧವೃತ್ತದ ಕಮಾನು ತಗೊಳ್ಳಿ. ಹತ್ತು ಅಡಿ ಅಗಲ ಇದ್ದರೆ ಐದು ಅಡಿ ಎತ್ತರ, ಬೇರೆ ದಾರಿ ಇಲ್ಲ. ಚೂಪು ಮಾಡಿದರೆ ಅದೇ ಹತ್ತು ಅಡಿಗೆ ಎಷ್ಟು ಎತ್ತರ ಬೇಕೋ ಅಷ್ಟು ಎತ್ತಬಹುದು. ಜೊತೆಗೆ, ಕಮಾನು ಕಾಲುಗಳನ್ನು ಆಚೀಚೆ ತಳ್ಳುವುದು ಕಡಿಮೆಯಾಗುತ್ತದೆ, ಭಾರ ಜಾಸ್ತಿ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಉಳಿದ ತಳ್ಳುವಿಕೆಗೆ ಗೋಡೆಯ ಹೊರಗೆ ಬಟ್ರೆಸ್ ಅನ್ನುವ ಆಸರೆಗೋಡೆ ಕೊಡುತ್ತಾರೆ. ಭಾರವೆಲ್ಲ ಕಂಬ ಮತ್ತು ಆಸರೆಗೆ ಹೋದ ಮೇಲೆ, ಕಂಬದಿಂದ ಕಂಬಕ್ಕೆ ನಡುವೆ ಇರುವ ಗೋಡೆಗೆ ಹೊರುವ ಕೆಲಸ ಅಷ್ಟಿರುವುದಿಲ್ಲ. ಅದನ್ನು ತೆಗೆದು ಕಿಟಕಿ ಇಡಬಹುದು. ಆಳೆತ್ತರವಲ್ಲ, ಮನೆಯೆತ್ತರದ ಕಿಟಕಿ. ಪ್ಯಾರಿಸ್ ಹತ್ತಿರದ ಸಾಂ ದೆನಿ ಮಠದಲ್ಲಿ 1140ರಿಂದ 1144ರ ನಡುವೆ ಸ್ಯೂಜೆ ಅನ್ನುವ ಮಠಾಧಿಪತಿ ಇದನ್ನೆಲ್ಲ ಒಂದೇ ಕಡೆ ಸೇರಿಸಿ ಕಟ್ಟಿಸಿದರು. ಗೋಥಿಕ್ ಶುರುವಾದದ್ದು ಅಲ್ಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಆಗ ಅವರು ಯಾರೂ ಅದಕ್ಕೆ ಗೋಥಿಕ್ ಅನ್ನಲಿಲ್ಲ. ಅದು 16ನೇ ಶತಮಾನದ ಇಟಲಿಯವರು ಬೈಗುಳವಾಗಿ ಇಟ್ಟ ಹೆಸರು, ಗಾಥ್ ಅನ್ನುವ ಒರಟು ಜನರ ಕಟ್ಟಡ ಅಂತ.

ಹಳ್ಳಿ ಚರ್ಚಿಗೆ ಬಂದರೆ ಇನ್ನೊಂದು ಮಾತು ಸೇರಿಸಬೇಕು. ದೊಡ್ಡ ಕೆಥೆಡ್ರಲ್‌ಗಳಲ್ಲಿ ಚಾವಣಿಯೂ ಕಲ್ಲಿನದು. ಹಳ್ಳಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಅಲ್ಲಿ ಚಾವಣಿ ಮರದ್ದು. ಆ್ಯಶ್‌ವೆಲ್‌ನಲ್ಲೂ ಹಾಗೇ. ಕಮಾನು, ಕಂಬ, ದೊಡ್ಡ ಕಿಟಕಿ, ಎಲ್ಲ ಇದೆ, ಮೇಲೆ ಮಾತ್ರ ಮರ. ಇದನ್ನು ಕೊರತೆ ಅಂತ ಯಾರೂ ಅಂದುಕೊಳ್ಳಬಾರದು. ಬಡಗಿ ಕೆಲಸ ನೋಡಬೇಕಾದರೆ ಇಂಗ್ಲೆಂಡಿನ ಹಳ್ಳಿ ಚರ್ಚುಗಳಲ್ಲಿ ತಲೆ ಎತ್ತಿ ನಿಂತರೆ ಸಾಕು.

ಶೆಟ್ಟಿಹಳ್ಳಿಯದು ಮತ್ತೆ ಹುಟ್ಟಿದ ಗೋಥಿಕ್. 19ನೇ ಶತಮಾನದಲ್ಲಿ ಯೂರೋಪಿನವರಿಗೆ ತಮ್ಮ ಹಳೆಯ ಚರ್ಚುಗಳ ಮೇಲೆ ಮತ್ತೆ ಪ್ರೀತಿ ಬಂತು, ಹೋದ ಕಡೆಯೆಲ್ಲ ಹಾಗೇ ಕಟ್ಟಿದರು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್ ಇನ್ನೂ ಈಚಿನದು, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದು. ಆದರೆ ಶೆಟ್ಟಿಹಳ್ಳಿಯ ಕಟ್ಟಡಕ್ಕೆ ಒಂದು ವಿಶೇಷ ಇದೆ. ಹೇಮಾವತಿ ಅಣೆಕಟ್ಟಿನ ನೀರು ಏರಿ ಊರು ಖಾಲಿಯಾಯಿತು, ಚಾವಣಿ ಹೋಯಿತು, ಗಿಲಾವು ಉದುರಿತು. ಈಗ ಕಮಾನು ಮತ್ತು ಕಂಬ ಮಾತ್ರ ಉಳಿದಿವೆ. ಭಾರ ಹೇಗೆ ಇಳಿಯುತ್ತದೆ ಅಂತ ಮೇಲೆ ಹೇಳಿದೆನಲ್ಲ, ಅದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ದೂರದಿಂದಲೇ ನೋಡಿ. ವರ್ಷಾ ವರ್ಷ ನೀರಲ್ಲಿ ನೆನೆದು ಒಣಗಿದ ಗೋಡೆ ಅದು, ಹತ್ತಬೇಡಿ.

ಪ್ರಶ್ನೆ: ಒಂದು ಹಳ್ಳಿಗೆ 176 ಅಡಿ ಗೋಪುರ ಯಾಕೆ ಬೇಕಿತ್ತು? ದುಡ್ಡು ಯಾರದು?
– ಓದುಗರು, ಮೈಸೂರು

ನಿಮ್ಮ ಊರಿನ ಫಿಲೋಮಿನಾ ಚರ್ಚಿನ ಜೋಡಿ ಶಿಖರ 175 ಅಡಿ. ಆ್ಯಶ್‌ವೆಲ್ ಅದಕ್ಕಿಂತ ಒಂದು ಅಡಿ ಜಾಸ್ತಿ! ಗೋಪುರದ ತಲೆಯ ಮೇಲೆ ಸೀಸದ ಹೊದಿಕೆಯ ಸಣ್ಣ ಚೂಪು ಶಿಖರ ಇದೆ, ಅದನ್ನೂ ಸೇರಿಸಿ 176. ಆ್ಯಶ್‌ವೆಲ್ ಇರುವ ಹರ್ಟ್‌ಫರ್ಡ್‌ಶೈರ್‌ನಲ್ಲಿ ಇಂಥ ಪುಟ್ಟ ಶಿಖರ ಎಷ್ಟು ಕಡೆ ಇದೆ ಅಂದರೆ, ಆ ಜಿಲ್ಲೆಯ ಹೆಸರಲ್ಲೇ ಅದನ್ನು ಕರೆಯುತ್ತಾರೆ.

ಆ್ಯಶ್‌ವೆಲ್ ಈಗ ಎರಡು ಸಾವಿರ ಜನರ ಹಳ್ಳಿ. ಮೊದಲು ಹಾಗಿರಲಿಲ್ಲ. 1086ರಲ್ಲಿ ಇಂಗ್ಲೆಂಡಿನ ರಾಜ ಊರೂರಿನ ಲೆಕ್ಕ ಬರೆಸಿದಾಗ ಅದು ಸಂತೆ ನಡೆಯುವ ಪೇಟೆ. ಊರಿನ ಭೂಮಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಠಕ್ಕೆ ಸೇರಿತ್ತು. ಊರ ಮಧ್ಯದಲ್ಲೇ ಒರತೆ ಇದೆ, ನೀರು ನೆಲದಿಂದ ಉಕ್ಕಿ ಹೊಳೆಯಾಗಿ ಹರಿದು ಮುಂದೆ ಕೇಂಬ್ರಿಡ್ಜಿನ ಕ್ಯಾಮ್ ನದಿ ಸೇರುತ್ತದೆ. ಊರಿನ ಹೆಸರಲ್ಲೇ ಆ ಒರತೆ ಇದೆ, ಆ್ಯಶ್ ಅನ್ನುವ ಮರದ ಒರತೆ ಅಂತ. ನೀರಿದ್ದ ಕಡೆ ಜನ, ಜನ ಇದ್ದ ಕಡೆ ಸಂತೆ.

ದುಡ್ಡಿನ ವಿಷಯಕ್ಕೆ ಆ ಕಾಲದ ಇಂಗ್ಲೆಂಡಿನಲ್ಲಿ ಒಂದು ಕಟ್ಟಳೆ ಇತ್ತು. ಚರ್ಚಿನ ಪೂರ್ವದ ತುದಿ, ಪಾದ್ರಿ ಪೂಜೆ ಮಾಡುವ ಭಾಗ, ಅದಕ್ಕೆ ಚಾನ್ಸೆಲ್ ಅನ್ನುತ್ತಾರೆ. ಅದರ ರಿಪೇರಿ ಚರ್ಚಿನ ವರಮಾನ ತಿನ್ನುವವರದ್ದು. ಜನ ನಿಲ್ಲುವ ಉದ್ದನೆಯ ಭಾಗ ಊರಿನವರದ್ದು. ನಮ್ಮಲ್ಲಿ ಗರ್ಭಗುಡಿ ಒಬ್ಬರ ಜವಾಬ್ದಾರಿ, ಮುಖಮಂಟಪ ಊರಿನವರ ಜವಾಬ್ದಾರಿ ಅಂದಂತೆ. ಎಷ್ಟೋ ಊರುಗಳಲ್ಲಿ ಚಾನ್ಸೆಲ್ ಬಡವಾಗಿ, ಊರಿನವರ ಭಾಗ ಭರ್ಜರಿಯಾಗಿ ಇರುವುದಕ್ಕೆ ಇದೇ ಕಾರಣ. ಊರಿನವರು ಚರ್ಚಿಗಾಗಿ ಬಿಯರ್ ಕಾಯಿಸಿ, ಹಬ್ಬ ಮಾಡಿ, ಮಾರಿ ಬಂದ ದುಡ್ಡನ್ನು ಕಟ್ಟಡಕ್ಕೆ ಹಾಕುತ್ತಿದ್ದರು. ಸಾಯುವಾಗ ಉಯಿಲಿನಲ್ಲಿ ಒಂದಿಷ್ಟು ಧಾನ್ಯ, ಒಂದು ಕುರಿ, ನಾಲ್ಕು ಕಾಸು ಚರ್ಚಿಗೆ ಬಿಡುತ್ತಿದ್ದರು. ಸಫೋಕ್ ಕಡೆ ಉಣ್ಣೆ ಬಟ್ಟೆಯ ವ್ಯಾಪಾರಿಗಳು ದೊಡ್ಡ ಗಂಟನ್ನೇ ಕೊಟ್ಟರು. ಲಾಂಗ್ ಮೆಲ್‌ಫರ್ಡ್ ಚರ್ಚಿನ ಹೊರಗೋಡೆಯ ಉದ್ದಕ್ಕೂ ದಾನ ಕೊಟ್ಟವರ ಹೆಸರು ಕೆತ್ತಿ, ಇವರ ಆತ್ಮಕ್ಕಾಗಿ ಪ್ರಾರ್ಥಿಸಿ ಅಂತ ಬರೆದಿದ್ದಾರೆ.

ಎತ್ತರ ಯಾಕೆ ಅಂದರೆ, ಒಂದನೆಯದು, ಚರ್ಚಿನ ಗಂಟೆಗಾಗಿ. ಗಂಟೆ ಎತ್ತರದಲ್ಲಿದ್ದರೆ ಹೊಲದಲ್ಲಿರುವವರಿಗೆ ಕೇಳಿಸುತ್ತದೆ. ಇನ್ನೊಂದು, ಪಕ್ಕದ ಊರಿಗೆ ಕಾಣಲಿ ಅಂತ. ಇದರಲ್ಲಿ ತಪ್ಪೇನೂ ಇಲ್ಲ, ತೇರು ಕಟ್ಟುವಾಗ ನಾವೂ ಪಕ್ಕದ ಊರಿನ ತೇರಿನ ಎತ್ತರ ಕೇಳುತ್ತೇವೆ.

ಪ್ರಶ್ನೆ: ನಾನು ಮೂವತ್ತು ವರ್ಷದಿಂದ ಗಾರೆ ಕೆಲಸ ಮಾಡುವವನು. ಸಿಮೆಂಟ್ ಇಲ್ಲ, ಕ್ರೇನ್ ಇಲ್ಲ. ಅಷ್ಟು ಎತ್ತರ ಹೇಗೆ ಎತ್ತಿದರು? ಎಷ್ಟು ವರ್ಷ ಹಿಡಿಯಿತು? ಕಲ್ಲು ಯಾವುದು?
– ಓದುಗರು, ತಿಪಟೂರು

ಈ ಪತ್ರ ಓದಿ ನನಗೆ ತುಂಬ ಖುಷಿಯಾಯಿತು. ನಿಮ್ಮಂಥವರು ಕೇಳಿದರೆ ಉತ್ತರ ಹೇಳುವುದಕ್ಕೂ ಜೋರು ಬರುತ್ತದೆ.

ಕಲ್ಲಿನ ಹೆಸರು ಕ್ಲಂಚ್. ಸೀಮೆಸುಣ್ಣದ ಜಾತಿಯ ಕಲ್ಲು, ಸ್ವಲ್ಪ ಗಟ್ಟಿ. ಊರ ಪಕ್ಕದಲ್ಲೇ ಅದರ ಹಳೆಯ ಕ್ವಾರಿ ಇದೆ. ಕಲ್ಲಿನ ಬೆಲೆಗಿಂತ ಗಾಡಿ ಬಾಡಿಗೆ ಜಾಸ್ತಿಯಾಗುತ್ತಿದ್ದ ಕಾಲ ಅದು, ಹತ್ತಿರ ಸಿಕ್ಕ ಕಲ್ಲನ್ನು ಯಾರು ಬಿಡುತ್ತಾರೆ? ಉಳಿ ಇಟ್ಟರೆ ಬೆಣ್ಣೆ. ಹೊಯ್ಸಳರ ಬಳಪದ ಕಲ್ಲಿನ ಹಾಗೆ, ಕೆತ್ತುವವನ ಕೈಗೆ ಒಗ್ಗುತ್ತದೆ. ಆದರೆ ಬಳಪದ ಕಲ್ಲಿಗೆ ಇರುವ ತಾಳಿಕೆ ಇದಕ್ಕಿಲ್ಲ. ಒಳಗೆ ಚೆನ್ನಾಗಿಯೇ ಇರುತ್ತದೆ, ಹೊರಗೆ ಮಳೆಯಲ್ಲಿ ನೆನೆದು, ಆ ನೀರು ಚಳಿಗೆ ಮಂಜುಗಟ್ಟಿ, ಹಿಗ್ಗಿ, ಪದರ ಪದರವಾಗಿ ಉದುರುತ್ತದೆ. ಹಾಗಾಗಿ ಆ್ಯಶ್‌ವೆಲ್ ಗೋಪುರಕ್ಕೆ ರಿಪೇರಿ ಮುಗಿಯುವುದೇ ಇಲ್ಲ. ಅದೇ ಮೆತ್ತನೆ ಗುಣದಿಂದ ಇನ್ನೊಂದೂ ಆಯಿತು. ಯಾರು ಬೇಕಾದರೂ ಒಂದು ಮೊಳೆ ಹಿಡಿದು ಒಳಗೋಡೆಯಲ್ಲಿ ಬರೆಯಬಹುದಿತ್ತು. ಊರು ಕರಿಕಲ್ಲಿನ ಸೀಮೆಯಲ್ಲಿ ಇದ್ದಿದ್ದರೆ ಪ್ಲೇಗಿನ ಆ ಸಾಲು ಇವತ್ತು ನಮಗೆ ಸಿಗುತ್ತಿರಲಿಲ್ಲ.

ಕಟ್ಟುವುದು ಸುಣ್ಣದ ಗಾರೆಯಲ್ಲಿ. ಅದು ಎಷ್ಟು ನಿಧಾನ ಅಂತ ನಿಮಗೆ ನಾನು ಹೇಳಬೇಕಿಲ್ಲ. ಸುಣ್ಣ ಹಸಿ ಇರುವಾಗ ಮೇಲೆ ಜಾಸ್ತಿ ಭಾರ ಹೇರಿದರೆ ಗೋಡೆ ಕೂರುತ್ತದೆ. ಅದಕ್ಕೆ ಒಂದು ವರ್ಷಕ್ಕೆ ಇಷ್ಟೇ ಎತ್ತರ ಅಂತ ಕಟ್ಟಿ ನಿಲ್ಲಿಸುತ್ತಿದ್ದರು. ಚಳಿಗಾಲದಲ್ಲಿ ಕೆಲಸ ಬಂದ್. ಹಸಿ ಗಾರೆಯ ಒಳಗೆ ನೀರು ಮಂಜುಗಟ್ಟಿದರೆ ಎಲ್ಲ ಹಾಳು, ಹಾಗಾಗಿ ಗೋಡೆಯ ತಲೆಗೆ ಹುಲ್ಲು, ಸಗಣಿ ಗೊಬ್ಬರ ಹೊದಿಸಿ ಬೇಸಿಗೆಗೆ ಕಾಯುತ್ತಿದ್ದರು. ನಾವು ಕ್ಯೂರಿಂಗಿಗೆ ಒದ್ದೆ ಗೋಣಿ ಹಾಕುತ್ತೇವೆ, ಅವರು ಬೆಚ್ಚಗಿರಲಿ ಅಂತ ಗೊಬ್ಬರ ಹಾಕುತ್ತಿದ್ದರು.

ಸಾರುವೆ ನೆಲದಿಂದ ಮೇಲಿನವರೆಗೂ ಕಟ್ಟುತ್ತಿರಲಿಲ್ಲ. ಗೋಡೆ ಏಳುತ್ತಾ ಅದರಲ್ಲೇ ತೂತು ಬಿಟ್ಟು, ತೂತಿಗೆ ಅಡ್ಡಕ್ಕೆ ಗಳು ಸಿಕ್ಕಿಸಿ, ಅದರ ಮೇಲೆ ಹಲಗೆ. ಕೆಲಸ ಮುಗಿದ ಮೇಲೆ ಗಳು ತೆಗೆದು ತೂತು ಮುಚ್ಚುವುದು. ಎಷ್ಟೋ ಹಳೆಯ ಚರ್ಚುಗಳಲ್ಲಿ ಆ ಚೌಕ ತೂತುಗಳ ಗುರುತು ಈಗಲೂ ಸಾಲಾಗಿ ಕಾಣುತ್ತದೆ. ಕಲ್ಲು ಎತ್ತುವುದಕ್ಕೆ ರಾಟೆ. ದೊಡ್ಡ ಕೆಲಸಗಳಲ್ಲಿ ಮನುಷ್ಯರು ಒಳಗೆ ನಡೆದು ತಿರುಗಿಸುವ ಮರದ ಚಕ್ರವೂ ಇತ್ತು. ಬೀಳುವುದು ಆಗಲೂ ಇತ್ತು. ಕ್ಯಾಂಟರ್‌ಬರಿ ಕೆಥೆಡ್ರಲ್ ಕಟ್ಟುತ್ತಿದ್ದ ವಿಲಿಯಂ ಅನ್ನುವ ಫ್ರೆಂಚ್ ಮುಖ್ಯ ಮೇಸ್ತ್ರಿ 1178ರಲ್ಲಿ ಸಾರುವೆಯಿಂದ ಬಿದ್ದು, ಆಮೇಲೆ ಕೆಲಸ ಬಿಟ್ಟು ಊರಿಗೆ ಮರಳಬೇಕಾಯಿತು.

ಎಷ್ಟು ವರ್ಷ ಅನ್ನುವುದಕ್ಕೆ ಗೋಡೆಯೇ ಅರ್ಧ ಉತ್ತರ ಕೊಡುತ್ತದೆ. 1350ರ ಸಾಲು ಗೋಪುರದ ಕೆಳಗಿನ ಗೋಡೆಯಲ್ಲಿದೆ. ಅಂದರೆ ಪ್ಲೇಗಿನ ಕಾಲಕ್ಕೆ ಗೋಪುರದ ಬುಡ ಎದ್ದಿತ್ತು. ಮೇಲಿನ ಅಂತಸ್ತುಗಳು ಆಮೇಲಿನವು. ಚರ್ಚಿನ ಒಟ್ಟು ಕೆಲಸ ಆ ಶತಮಾನದ ಬಹುಭಾಗ ನಡೆಯಿತು. ಒಂದು ಊರು, ಕಟ್ಟುತ್ತಾ ಇದೆ. ಅರ್ಧದಲ್ಲಿ ಜನ ಸಾಯುತ್ತಾರೆ. ಕಲ್ಲು ಕುಟ್ಟುವವರೂ ಸತ್ತಿರುತ್ತಾರೆ, ದುಡ್ಡು ಕೊಡುವವರೂ ಸತ್ತಿರುತ್ತಾರೆ. ಆಮೇಲೆ ಉಳಿದವರು ಮತ್ತೆ ಸಾರುವೆ ಕಟ್ಟಿ ಮೇಲಕ್ಕೆ ಹೋಗುತ್ತಾರೆ. ನನಗೆ ಈ ಚರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು, 176 ಅಡಿಯಲ್ಲ.

ಪ್ಲೇಗಿನಿಂದಲೇ ಗೋಥಿಕ್ ಶೈಲಿ ಸರಳವಾಯಿತು ಅಂತ ಕೆಲವರು ಹೇಳುವುದುಂಟು. ಮೊದಲಿನ ಕಿಟಕಿಗಳಲ್ಲಿ ಕಲ್ಲಿನ ಬಳ್ಳಿಯಂಥ ಬಳುಕು ಗೆರೆ, ಆಮೇಲಿನವುಗಳಲ್ಲಿ ನೆಟ್ಟಗಿನ ಗೆರೆ, ಕೆತ್ತುವ ಕೈಗಳು ಕಮ್ಮಿಯಾದವು ಅಂತ ಅವರ ವಾದ. ಪೂರ್ತಿ ಒಪ್ಪುವುದಕ್ಕೆ ಆಗುವುದಿಲ್ಲ. ಗ್ಲಾಸ್ಟರ್‌ನಲ್ಲಿ 1330ರ ದಶಕದಲ್ಲೇ, ಅಂದರೆ ಪ್ಲೇಗಿಗೆ ಹತ್ತು ಹದಿನೈದು ವರ್ಷ ಮೊದಲೇ, ಆ ನೆಟ್ಟಗಿನ ಗೆರೆ ಬಂದಿತ್ತು. ಕೈ ಕಮ್ಮಿಯಾದದ್ದು ಅದು ಬೇಗ ಹರಡುವುದಕ್ಕೆ ನೆರವಾಗಿರಬಹುದು, ಅಷ್ಟೇ.

ಒಂದು ವಿಷಯ ನಿಮಗೆ ಅಂತಲೇ ಉಳಿಸಿಕೊಂಡಿದ್ದೆ. ಅದೇ ಚರ್ಚಿನ ಒಂದು ಕಂಬದಲ್ಲಿ ಇನ್ನೊಂದು ಲ್ಯಾಟಿನ್ ಸಾಲು ಇದೆ. ಅರ್ಥ ಹೀಗೆ: ಮೂಲೆಗಳು ಸರಿಯಾಗಿ ಕೂಡಿಲ್ಲ. ಥೂ! ಯಾರೋ ಕೆಲಸ ಗೊತ್ತಿದ್ದವನು, ಇನ್ನೊಬ್ಬನ ಸಂದು ನೋಡಿ ತಡೆಯಲಾರದೆ ಬರೆದದ್ದು. ಇಂಥ ಸಿಟ್ಟು ಕೆಲಸವನ್ನು ಪ್ರೀತಿಸುವವರಿಗೆ ಮಾತ್ರ ಬರುತ್ತದೆ, ನಿಮಗೂ ಬಂದಿರುತ್ತದೆ.

ಪ್ರಶ್ನೆ: ಬೇರೆ ಏನೇನು ಗೀಚಿದ್ದಾರೆ?
– ಓದುಗರು, ಶಿರಸಿ

'ವಿವೇಕ ಮುಟ್ಟಿದ್ದನ್ನೆಲ್ಲ ಕುಡಿತ ಮುರಿಯುತ್ತದೆ' ಅಂತ ಒಂದು. ಮೇಲಿನ ಧರ್ಮಾಧಿಕಾರಿಯನ್ನು ಕತ್ತೆ ಅಂದದ್ದು ಇನ್ನೊಂದು. ಚಿತ್ರವೂ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಪ್ರಶ್ನೆ: 1350ರಲ್ಲಿ ಗೋಡೆ ಕೊರೆದವನದ್ದು ಇತಿಹಾಸ, ನಮ್ಮ ಹುಡುಗರು ಹಂಪಿಯ ಕಂಬದಲ್ಲಿ ಹೆಸರು ಕೆತ್ತಿದರೆ ಅಪರಾಧ. ಇದು ಯಾವ ನ್ಯಾಯ?
– ಓದುಗರು, ಹೊಸಪೇಟೆ

ಒಳ್ಳೆ ಪ್ರಶ್ನೆ. ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಆ ಕಾಲದ ಜನ ಚರ್ಚಿನ ಗೋಡೆಯನ್ನು ನೋಡುತ್ತಿದ್ದ ರೀತಿಯೇ ಬೇರೆ. ಅದು ಅವರು ದಿನವೂ ಬಳಸುವ ಜಾಗ. ಗೋಡೆಗೆ ಸುಣ್ಣ ಬಳಿದು, ಬಣ್ಣದ ಚಿತ್ರ ಬರೆದು, ಅದು ಮಾಸಿದರೆ ಮತ್ತೆ ಬಳಿಯುತ್ತಿದ್ದರು. ಹರಕೆ, ಪ್ರಾರ್ಥನೆ, ಹಡಗಿನ ಚಿತ್ರ, ವೃತ್ತ, ಏನೇನೋ ಕೊರೆಯುತ್ತಿದ್ದರು. 2010ರಲ್ಲಿ ನಾರ್ಫಕ್ ಜಿಲ್ಲೆಯಲ್ಲಿ ಊರಿನ ಜನರೇ ಟಾರ್ಚ್ ಹಿಡಿದು ಚರ್ಚುಗಳ ಗೀಚು ಬರಹ ಹುಡುಕುವ ಕೆಲಸ ಶುರು ಮಾಡಿದರು, ಹೋದ ಕಡೆಯೆಲ್ಲ ರಾಶಿ ರಾಶಿ ಸಿಕ್ಕಿತು. ಕದ್ದು ಮಾಡಿದ ಕೆಲಸ ಅನ್ನಿಸುವುದಿಲ್ಲ. ಎಷ್ಟೋ ಬರಹಗಳು ಎಲ್ಲರಿಗೂ ಕಾಣುವ ಜಾಗದಲ್ಲೇ ಇವೆ, ಪಕ್ಕದವನ ಗೆರೆಯ ಮೇಲೆ ಇನ್ನೊಬ್ಬ ಗೆರೆ ಎಳೆದಿಲ್ಲ.

ಹಂಪಿಯ ಕಂಬವನ್ನು ಮತ್ತೆ ಬಳಿಯುವುದಕ್ಕೆ ಆಗುವುದಿಲ್ಲ. ಅದನ್ನು ಕೆತ್ತಿದವನು ತನ್ನ ಕೆಲಸ ಮುಗಿಸಿ ಹೋದ. ಅವನ ಸಾಲಿನ ಮೇಲೆ ನಮ್ಮ ಸಾಲು ಹಾಕಿದರೆ, ಅವನದ್ದೂ ಓದುವುದಕ್ಕೆ ಆಗುವುದಿಲ್ಲ. ವರ್ಷಕ್ಕೆ ಒಬ್ಬ ಗೀಚುತ್ತಿದ್ದ ಕಾಲವಲ್ಲ ಇದು, ಒಂದು ರಜೆಗೆ ಎಷ್ಟು ಸಾವಿರ ಜನ ಬರುತ್ತಾರೆ ನೀವೇ ನೋಡುತ್ತೀರಿ. ಕಾನೂನೂ ಬಿಗಿಯಾಗಿದೆ. ರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಆ್ಯಶ್‌ವೆಲ್‌ನಲ್ಲಿ ಇವತ್ತು ಮೊಳೆ ತೆಗೆದರೆ ಅಲ್ಲಿಯೂ ಅಪರಾಧವೇ. ನಿಮ್ಮ ಹುಡುಗರಿಗೆ ಬೈಯುವುದಕ್ಕಿಂತ ಒಂದು ಕೆಲಸ ಮಾಡಿ, ಒಂದು ಟಾರ್ಚ್ ಕೊಟ್ಟು ಹಂಪಿಯ ಯಾವುದಾದರೂ ಶಾಸನದ ಮುಂದೆ ಸಂಜೆ ಕರೆದುಕೊಂಡು ಹೋಗಿ. ಬೆಳಕನ್ನು ಎದುರಿನಿಂದ ಬಿಡಬೇಡಿ, ಗೋಡೆಗೆ ಒತ್ತಿಕೊಂಡು ಪಕ್ಕದಿಂದ ಬಿಡಿ. ಇಲ್ಲದ ಅಕ್ಷರ ನೆರಳಾಗಿ ಎದ್ದು ಬರುತ್ತದೆ. ಒಂದು ಸಲ ಹಾಗೆ ಓದಿದ ಹುಡುಗ ಆಮೇಲೆ ಮೊಳೆ ಹಿಡಿಯುವುದಿಲ್ಲ ಅಂತ ನನ್ನ ನಂಬಿಕೆ.

ಪ್ರಶ್ನೆ: ನಮ್ಮ ಮಗಳು ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಳೆ, ಬೇಸಿಗೆಯಲ್ಲಿ ಹೋಗುತ್ತಿದ್ದೇವೆ. ಆ್ಯಶ್‌ವೆಲ್‌ಗೆ ಹೋಗುವುದು ಹೇಗೆ? ಈಗಲೂ ಅಲ್ಲಿ ಪೂಜೆ ನಡೆಯುತ್ತದಾ?
– ಓದುಗರು, ಧಾರವಾಡ

ನಡೆಯುತ್ತದೆ. ಕಟ್ಟಿದಾಗ ಕ್ಯಾಥೊಲಿಕ್, 16ನೇ ಶತಮಾನದ ಮತಬದಲಾವಣೆಯ ಆಮೇಲೆ ಚರ್ಚ್ ಆಫ್ ಇಂಗ್ಲೆಂಡ್. ಊರಿನವರ ಚರ್ಚು ಆಗಲೂ ಅದೇ, ಈಗಲೂ ಅದೇ. ಪೂಜೆಯ ಹೊತ್ತಿನಲ್ಲಿ ಹೋದರೆ ಹಿಂದೆ ಕುಳಿತುಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಕೇಂಬ್ರಿಡ್ಜ್‌ನಿಂದ ಲಂಡನ್ ಕಡೆ ಹೋಗುವ ರೈಲಿನಲ್ಲಿ ಆ್ಯಶ್‌ವೆಲ್ ಆ್ಯಂಡ್ ಮಾರ್ಡನ್ ಅಂತ ಸ್ಟೇಷನ್ ಇದೆ. ಹೆಸರು ನೋಡಿ ಊರು ಪಕ್ಕದಲ್ಲೇ ಇದೆ ಅಂದುಕೊಳ್ಳಬೇಡಿ, ಎರಡು ಮೈಲಿಗಿಂತ ಜಾಸ್ತಿ ನಡೆಯಬೇಕು. ನಡೆಯುವುದೇ ಒಳ್ಳೆಯದು. ಸುತ್ತ ಬಯಲು, ಆ ಬಯಲಲ್ಲಿ ಗೋಪುರ ದೂರದಿಂದಲೇ ಕಾಣುತ್ತದೆ. ಊರಿಗೆ ಬಂದ ಮೇಲೆ ಮೊದಲು ಒರತೆ ನೋಡಿ, ಆಮೇಲೆ ಚರ್ಚಿಗೆ. ಒಳಗೆ ಬೆಳಕು ಜಾಸ್ತಿ ಇದೆ. ಕಿಟಕಿಗಳು ದೊಡ್ಡವು, ಗಾಜು ಬಹುಪಾಲು ಬಣ್ಣವಿಲ್ಲದ್ದು. ಹಳೆಯ ಬಣ್ಣದ ಗಾಜು ಹೋಗಿದೆ ಅನ್ನುವ ಬೇಸರ ನನಗೂ ಇದೆ, ಆದರೆ ಆ ಬಿಳಿ ಕಲ್ಲಿನ ಮೇಲೆ ಬೀಳುವ ಬರೀ ಬೆಳಕು ನೋಡಿದರೆ ಅದು ಮರೆತುಹೋಗುತ್ತದೆ.

ಪ್ರವೇಶದ ಹತ್ತಿರ ನಿಲ್ಲಬೇಡಿ, ನೇರವಾಗಿ ಪಶ್ಚಿಮದ ತುದಿಗೆ, ಗೋಪುರದ ಕೆಳಕ್ಕೆ ಹೋಗಿ. ಟಾರ್ಚ್ ಇರಲಿ. ಪ್ಲೇಗಿನ ಸಾಲು ಉತ್ತರದ ಗೋಡೆಯಲ್ಲಿ. ಅದರ ಕೆಳಗೆ ಒಂದು ಚಿತ್ರ ಇದೆ, ದೊಡ್ಡ ಕೆಥೆಡ್ರಲ್ ಒಂದರದ್ದು. ಕಿಟಕಿ, ಆಸರೆಗೋಡೆ, ನಡುವೆ ಉದ್ದನೆ ಶಿಖರ, ಎಲ್ಲವನ್ನೂ ಯಾರೋ ತಾಳ್ಮೆಯಿಂದ ಕೊರೆದಿದ್ದಾರೆ. ಅದು ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಅಂತ ಬಹಳ ಜನ ಗುರುತಿಸುತ್ತಾರೆ. ಅದರ ಶಿಖರ 1561ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು, ಉಳಿದದ್ದು 1666ರ ಬೆಂಕಿಯಲ್ಲಿ ಹೋಯಿತು. ಈಗ ಲಂಡನ್ನಿನಲ್ಲಿ ಇರುವುದು ಆಮೇಲೆ ಕಟ್ಟಿದ್ದು. ಹಳೆಯದನ್ನು ಕಣ್ಣಾರೆ ಕಂಡು ಬಂದವನ ಕೈ ಗೆರೆ ಈ ಹಳ್ಳಿಯ ಮೆತ್ತನೆ ಕಲ್ಲಿನಲ್ಲಿ ಇದೆ. ಮುಟ್ಟಬೇಡಿ, ಬೆಳಕನ್ನು ಪಕ್ಕದಿಂದ ಬಿಡಿ.